ಶನಿವಾರದ ಚೀಲ

ಬೆಕ್ಕು ಕೊಂದ್ರ ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನ ಕೊಡಬೇಕಂತ. ಈ ಮಾತು ಹುಟ್ಟಿಸಿದವರು ಯಾರೋ ಏನೋ, ನನ್ನ ಕೈಗೆ ಸಿಕ್ಕಿದ್ರ ಕಟ್ಟಿ ಮ್ಯಾಲ ಕುಂದ್ರಿಸಿ ಎರಡು ಮಾತು ಕೇಳತಿದ್ದೆ. ನೀವೇನೋ ಬೆಕ್ಕಿನ ಜೀವ ಉಳೀಲಿ ಅಂತ ಹೇಳಿದ್ರಿ. ಇಲ್ಲಿ ಆಗಿದ್ದು ಏನು ಗೊತ್ತೇನ್ರಿ? ಮಂದಿ ಕೊಲ್ಲೋದು ಬಿಡಲಿಲ್ಲ. ಕೊಂದದ್ದು ತಮ್ಮ ಕಣ್ಣಿಗೆ ಬೀಳಬಾರದು ಅಂತ ಒಂದು ವ್ಯವಸ್ಥಾ ಮಾಡಿಕೊಂಡ್ರು. ಆ ಮಂದ್ಯಾಗ ನಾನೂ ಒಬ್ಬಾಕಿ.

ಬ್ಯಾಡಗಿಗೆ ನಾನು ಸೊಸಿಯಾಗಿ ಬಂದು ಮೂವತ್ತೈದು ವರ್ಷ ಆತು. ಹೈಸ್ಕೂಲಿನ್ಯಾಗ ಗಣಿತ ಕಲಸತಿದ್ದೆ, ಈಗ ರಿಟೈರ್ ಆಗೇನಿ. ಓಣಿಯವರೆಲ್ಲ ಇನ್ನೂ ‘ಅಕ್ಕಾರ’ ಅಂತ ಕರೀತಾರ, ಸಿಟ್ಟು ನನ್ನ ಮೂಗಿನ ತುದಿ ಮ್ಯಾಲ ಐತಿ ಅಂತ ಹಿಂದ ಆಡಿಕೊಳ್ತಾರ. ಆಡಿಕೊಳ್ಳಲಿ, ಸುಳ್ಳೇನಲ್ಲ. ನಮ್ಮ ಮನಿಯವರದು ಮೆಣಸಿನಕಾಯಿ ವ್ಯಾಪಾರ. ಮಾರ್ಕೆಟಿನ್ಯಾಗ ಅಂಗಡಿ, ಮನಿ ಹಿತ್ತಲದಾಗ ಒಂದು ಗೋದಾಮು. ಗೋದಾಮಿನೊಳಗ ಖಾಲಿ ಗೋಣಿಚೀಲದ ಥಪ್ಪಿ, ನನಗಿಂತ ಎತ್ತರ. ಮನಿಯಾಗ ನಾವಿಬ್ಬರು, ಮತ್ತ ಎಂಬತ್ತು ದಾಟಿದ ನಮ್ಮತ್ತಿ.

ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಇಲಿ ಖಾರ ತಿನ್ನಂಗಿಲ್ಲ ಖರೇ, ಆದ್ರ ಚೀಲದ ಸಂದಿಯೊಳಗ ಸಂಸಾರ ಹೂಡತಾವ. ಅದಕ್ಕ ನಮ್ಮ ಓಣಿಯಾಗ ಬೆಕ್ಕಿಗೆ ಬರ ಇರಲಿಲ್ಲ. ಎಲ್ಲಾರಿಗೂ ಇಲಿ ಹಿಡಿಯಾಕ ಬೆಕ್ಕು ಬೇಕು. ಆದ್ರ ಅದು ಮರಿ ಹಾಕಬಾರದು, ಅಂಗಳದಾಗ ಹೇಲಬಾರದು, ಹಾಲಿನ ಪಾತೇಲಿಗೆ ಬಾಯಿ ಹಾಕಬಾರದು, ಮಾಳಿಗಿ ಮ್ಯಾಲ ಜಗಳಾಡಬಾರದು. ಅಲ್ರಿ, ಬೆಕ್ಕು ಅಂದ್ರ ಇಲಿ ಬೋನು ಅಂತ ತಿಳಕೊಂಡೀರೇನು, ಕೆಲಸ ಮುಗದ ಮ್ಯಾಲ ಮೂಲ್ಯಾಗ ಇಡಾಕ?

ಬ್ಯಾಡಾದ ಬೆಕ್ಕಿಗೆ ನಮ್ಮ ಓಣಿಯಾಗ ಒಂದು ದಾರಿ ಇತ್ತು. ಆ ದಾರಿ ಅಂದ್ರ ಎದುರುಮನಿ ಕಾಕಾ. ಬ್ಯಾಂಕಿನ್ಯಾಗಿದ್ದು ರಿಟೈರ್ ಆದವರು, ದೈವಭಕ್ತರು. ಪ್ರತಿ ಶನಿವಾರ ಮುಂಜಾನೆ ಸ್ನಾನ ಮಾಡಿ, ಹಣಿಗೆ ಗಂಧ ಹಚ್ಚಿಕೊಂಡು, ಸ್ಕೂಟರ್ ಮ್ಯಾಲ ಕದರಮಂಡಲಗಿ ಆಂಜನೇಯನ ಗುಡಿಗೆ ಹೋಗತಿದ್ರು. ಯಾರ ಮನಿಯಾಗರ ಬೆಕ್ಕು ಹೆಚ್ಚಾದ್ರ ಶುಕ್ರವಾರನ ಅವರಿಗೆ ಹೇಳಿ ಇಡೋದು. ಶನಿವಾರ ಬೆಕ್ಕು ಹಿಡಿದು, ನಮ್ಮ ಮನಿಯಿಂದ ಒಂದು ಖಾಲಿ ಚೀಲ ತಂದು, ಅದರಾಗ ಹಾಕಿ ಬಾಯಿ ಕಟ್ಟಿ ಅವರ ಕೈಗೆ ಕೊಡೋದು. ಅವರು ಅಂಗಳದಾಗ ನಿಂತು ಚೀಲ ಮೂರು ಸುತ್ತು ಗರಗರ ತಿರುವತಿದ್ರು. ಹಂಗ ತಿರುವಿದ್ರ ಬೆಕ್ಕಿಗೆ ದಿಕ್ಕು ತಪ್ಪತೈತಿ, ವಾಪಸ್ ಬರಂಗಿಲ್ಲ ಅಂತ. ಆಮ್ಯಾಲ ಸ್ಕೂಟರಿನ ಮುಂದ ಕಾಲಹತ್ರ ಇಟ್ಟುಕೊಂಡು ಹೊಂಟ್ರಂದ್ರ ಬೆಕ್ಕಿನ ಪಾಲಿಗೆ ಅದ ಪುಷ್ಪಕ ವಿಮಾನ.

“ಹನಮಪ್ಪನ ಸನ್ನಿಧಿಗೆ ಬಿಟ್ಟು ಬರ್ತೇನಿ. ಅಲ್ಲೆ ಪ್ರಸಾದ ಐತಿ, ಅನ್ನ ಐತಿ. ನಮಗಿಂತ ಆರಾಮ ಇರತಾವ. ಇಷ್ಟು ವರ್ಷದಾಗ ಒಂದೂ ಕೊಂದಿಲ್ರಿ ನಾನು,” ಅಂತಿದ್ರು ಕಾಕಾ. ನಾವು ಕೈ ಮುಗೀತಿದ್ವಿ. ಪಾಪ ನಮ್ಮ ತಲಿ ಮ್ಯಾಲಿಂದ ಇಳಿದು ಸ್ಕೂಟರ್ ಹತ್ತಿ ಹೋತಲ್ಲ, ಇನ್ನೇನು ಬೇಕು.

ನಮ್ಮ ಮನಿಗೆ ಒಂದು ಬೂದಿ ಬಣ್ಣದ ಹೆಣ್ಣುಬೆಕ್ಕು ಬರತಿತ್ತು. ಬಾಲದ ತುದಿಯಷ್ಟ ಬಿಳಿ. ಭಾಳ ಬೆದರಬೆಕ್ಕು, ಯಾರ ಕೈಗೂ ಸಿಗತಿರಲಿಲ್ಲ. ನಮ್ಮ ಮನಿಯವರ ಚಪ್ಪಲಿ ಸಪ್ಪಳ ಕೇಳಿದ್ರ ಗ್ವಾಡಿ ಹಾರತಿತ್ತು. ನನ್ನ ಹತ್ರ ಮಾತ್ರ ಬರತಿತ್ತು. ನಾನು ರೊಟ್ಟಿ ಬಡಿಯಾಕ ಕುಂತ್ರ ಮಗ್ಗಲಕ ಬಂದು ತೊಡಿಗೆ ತಲಿ ತಿಕ್ಕತಿತ್ತು. “ಬಾ ನಮ್ಮವ್ವಾ” ಅಂದ್ರ ಸಾಕು, ಎಲ್ಲಿದ್ರೂ ಓಡಿ ಬರೋದು. ಆ ಸುಗ್ಗಿಯಾಗ ಅದು ಬಸರಾತು. ಕಾಕಾನ ಮನಿಯಾಗ ಎರಡು ಸಲ ಮೊಸರಿನ ಗಡಿಗಿ ಉರುಳಿಸಿತು. ಓಣಿಯಾಗ ಗುಸುಗುಸು ಚಾಲೂ ಆತು. “ಅಕ್ಕಾರ, ಅದು ಹಡಿಯೂದ್ರೊಳಗ ಸಾಗಹಾಕ್ರಿ, ಇಲ್ಲಂದ್ರ ಮತ್ತ ಐದು ಆಗತಾವ. ನಿಮ್ಮ ಕೈಗೆ ಬಿಟ್ರ ಯಾರ ಕೈಗೂ ಸಿಗಂಗಿಲ್ಲ ಅದು.”

ಒಂದು ವಾರ ‘ನೋಡೂಣು ನೋಡೂಣು’ ಅಂದೆ. ಕಡೀಕ ಹೂಂ ಅಂದೆ. ಯಾಕ ಅಂದೆ? ಬ್ಯಾಸರಿಕಿ, ಮತ್ತೇನು. ಮಂದಿ ಬಾಯಿಗೆ ಅಂಜಿ ಅಂದೆ. ನಲವತ್ತು ಹುಡುಗರ ಕ್ಲಾಸು ಒಂದು ಕಣ್ಣಿನ್ಯಾಗ ಸುಮ್ಮನ ಕೂಡಿಸಿದಾಕಿ, ಓಣಿಯ ನಾಲ್ಕು ಮಂದಿಗೆ ‘ಇಲ್ಲ’ ಅನ್ನಾಕ ಆಗಲಿಲ್ಲ.

ಶನಿವಾರ ಮುಂಜಾನೆ ತಾಟಿನ್ಯಾಗ ಹಾಲು ಹಾಕಿ “ಬಾ ನಮ್ಮವ್ವಾ” ಅಂದೆ. ಬಂತು. ಎತ್ತಿಕೊಂಡೆ. ಹಿಂದಿನ ದಿನ ಡೊಳ್ಳಿನಂಗಿದ್ದ ಹೊಟ್ಟಿ ಮೆತ್ತಗ ಜೋತುಬಿದ್ದಿತ್ತು. ನನ್ನ ಕೈಗೆ ಗೊತ್ತಾತು. ಖರೇ ಹೇಳ್ತೇನಿ, ಗೊತ್ತಾತು. ಆದ್ರ ಎದುರಿಗೆ ಕಾಕಾ ಸ್ಕೂಟರ್ ಚಾಲೂ ಮಾಡಿಕೊಂಡು “ಲಗೂ ಲಗೂ ಅಕ್ಕಾರ, ಪೂಜಿಗೆ ಹೊತ್ತಾಗತೈತಿ” ಅಂತ ನಿಂತಿದ್ರು. ಕೈ ಹೇಳಿದ್ದು ತಲಿಗೆ ಹೋಗೂದ್ರೊಳಗ ಬೆಕ್ಕು ಚೀಲದಾಗಿತ್ತು. ಬಾಗಲದಾಗ ಬಿದ್ದಿದ್ದ ಚೀಲ, ಅದರಾಗ ಯಾವ ಮೆಣಸಿನಕಾಯಿ ತುಂಬಿದ್ರು ಅಂತ ನೋಡಲಿಲ್ಲ. ಸುತಳಿ ತಗೊಂಡು ಬಾಯಿ ಕಟ್ಟಿದೆ. ನಮ್ಮವ್ವ ಕಲಿಸಿದ ಗಂಟು: ಎರಡು ಸುತ್ತು ಹಾಕಿ ಒಳಗಿಂದ ಎಳಿಯೋದು, ಜಗ್ಗಿದಷ್ಟೂ ಬಿಗೀತೈತಿ. ಕಾಕಾ ಮೂರು ಸುತ್ತು ತಿರುವಿದ್ರು. ಚೀಲದಿಂದ ಕೆಂಪು ಧೂಳು ಹಾರಿ ಅವರಿಗೆ ಸೀನು ಬಂತು. ನಾನು ನಕ್ಕೆ. ನಕ್ಕಿದ್ದು ನೆನಪಾದ್ರ ಈಗ ನನ್ನ ಮಾರಿಗೆ ನಾನ ಹೊಡಕೊಬೇಕು ಅನಸತೈತಿ.

ಮಧ್ಯಾಹ್ನ ಊಟಕ್ಕ ಕುಂತಾಗ ನಮ್ಮತ್ತಿ ಅಂದ್ರು, “ಏನವಾ, ಹಿತ್ತಲದಾಗ ಯಾರ ಕೂಸು ಅಳಾಕತ್ತೈತಿ?”

“ಕೂಸು ಎಲ್ಲಿಂದ ಬರಬೇಕ್ರಿ ಅತ್ತಿ, ಉಣ್ರಿ,” ಅಂದೆ.

“ನನಗ ಕಣ್ಣು ಕಾಣಂಗಿಲ್ಲ, ಕಿವಿ ಚಲೋ ಅದಾವ. ಎದ್ದು ಹೋಗಿ ನೋಡು.”

ಹೋಗಿ ನೋಡಿದೆ. ಚೀಲದ ಥಪ್ಪಿ ಹಿಂದ, ಗ್ವಾಡಿ ಮೂಲಿಯಾಗ, ನನ್ನ ಒಂದು ಹಳೀ ಕುಬಸದ ಮ್ಯಾಲ ನಾಲ್ಕು ಮರಿ. ಕಣ್ಣು ಬಿಟ್ಟಿರಲಿಲ್ಲ. ಒಂದರ ಮ್ಯಾಲ ಒಂದು ಬಿದ್ದು ತಾಯಿ ಹುಡುಕಾಕತ್ತಿದ್ದವು. ಆ ಕುಬಸ ಒಗ್ಯಾಣದ ಬುಟ್ಟಿಯಿಂದ ಅದ ಜಗ್ಗಿಕೊಂಡು ಹೋಗಿತ್ತು. ನನ್ನ ವಾಸನಿ ಇದ್ದ ಅರಿವಿ ಹುಡುಕಿ ಅದರ ಮ್ಯಾಲ ಹಡದಿತ್ತು.

ಬರಿಗಾಲಿಲೆ ಎದುರುಮನಿಗೆ ಓಡಿದೆ. ಕಾಕಾ ಊಟ ಮಾಡಿ ಅಡಕಿ ಕತ್ತರಿಸಾಕತ್ತಿದ್ರು. “ಕಾಕಾ, ಬೆಕ್ಕು ಎಲ್ಲೆ ಬಿಟ್ರಿ? ಅದು ಹಡದೈತಿ, ಮರಿ ಇಲ್ಲೆ ಅದಾವ!”

“ಗುಡಿ ಮುಂದ ಬಿಟ್ಟೆ ಅಕ್ಕಾರ. ಬಿಟ್ಟ ಕೂಡಲೆ ಒಂದು ಕಾಯಿಹೋಳು ಬಾಯಾಗ ಹಿಡಕೊಂಡು ಓಡಿತು. ಭಾಳ ಖುಷಿಯಾಗಿತ್ತು.”

ಬೆಕ್ಕು ಕಾಯಿಹೋಳು ಹಿಡಕೊಂಡು ಓಡತೈತೇನ್ರಿ? ಅಲ್ಲೇ ಸುಳ್ಳು ಹಿಡೀಬೇಕಾಗಿತ್ತು. ಹಿಡೀಲಿಲ್ಲ. ನಮ್ಮ ಮನಿಯವರಿಗೆ ಫೋನ್ ಹಚ್ಚಿದೆ. ಅವರು ಹಾವೇರಿಗೆ ಹೋಗಿದ್ರು. “ಸಂಜಿಗೆ ಬರ್ತೇನಿ, ನೋಡೂಣು. ಒಂದು ಬೆಕ್ಕಿಗೆ ಇಷ್ಟ್ಯಾಕ ಹಾರಾಡತಿ,” ಅಂದ್ರು. ಫೋನ್ ಇಟ್ಟೆ. ಇಟ್ಟದ್ದು ಚಲೋ ಆತು, ಇಲ್ಲಂದ್ರ ಮೂವತ್ತೈದು ವರ್ಷದ ಸಂಸಾರ ಅವತ್ತ ಮುಗೀತಿತ್ತು.

ಹೂವಿನ ಬುಟ್ಟಿ ಒಂದು ತಗೊಂಡು, ಮ್ಯಾಲ ಮುಚ್ಚಾಕ ಒಂದು ಜರಡಿ ಹಿಡಕೊಂಡು, ಆಟೋ ಮಾಡಿಸಿಕೊಂಡು ಕದರಮಂಡಲಗಿಗೆ ಹೋದೆ. ಶನಿವಾರದ ಗದ್ದಲ. ಮಂದಿ ಕಾಲಾಗ ಕಾಲು. ಗುಡಿ ಸುತ್ತ ಮೂರು ಸಲ ತಿರುಗಿದೆ. ಪ್ರದಕ್ಷಿಣಿ ಹಾಕಾಕತ್ತಾಳ ಅಂತ ಮಂದಿ ಜಾಗಾ ಬಿಟ್ರು. ನಾನು ಚಪ್ಪಲಿ ಇಡೋ ಕಡೆ, ಗಿಡದ ಬುಡಕ, ಎಲ್ಲಾ ಕಡೆ ಬಗ್ಗಿ “ಬಾ ನಮ್ಮವ್ವಾ, ಬಾ ನಮ್ಮವ್ವಾ” ಅಂತ ಕರದೆ. ಬೆಕ್ಕೂ ಇಲ್ಲ, ಬೆಕ್ಕಿನ ಬಾಲವೂ ಇಲ್ಲ.

ಅಲ್ಲೆ ತೆಂಗಿನಕಾಯಿ ಮಾರೋ ಹೆಣಮಗಳು ಒಬ್ಬಾಕಿ ನನ್ನ ನೋಡಿ ನೋಡಿ ಕೇಳಿದಳು, “ಏನ ಕಳಕೊಂಡೀರಿ ಅವ್ವಾರ?”

ಹೇಳಿದೆ. ಆಕಿ ಬಾಯಿಗೆ ಸೆರಗು ಹಿಡಕೊಂಡಳು. “ಗುಡಿ ಮುಂದ ಬೆಕ್ಕು ಬಿಡತಾರೇನ್ರಿ ಯಾರರ? ಇಲ್ಲೆ ಕುಂತು ಇಷ್ಟು ವರ್ಷ ಆತು, ಒಬ್ಬರನ್ನೂ ನೋಡಿಲ್ಲ. ಚೀಲ ಎಲ್ಲಾ ಹಾದ್ಯಾಗ ಇಳೀತಾವ. ಬರೋವಾಗ ಒಂದು ಹಳ್ಳದ ಸೇತುವಿ ಸಿಗತೈತಲ್ಲ, ಅದರ ಬುಡಕ ನೋಡ್ರಿ. ಲಗೂ ಹೋಗ್ರಿ, ಹೊತ್ತು ಮುಣಗತೈತಿ.”

ಆ ಸೇತುವಿ ನನಗ ಗೊತ್ತಿತ್ತು. ಬರೋವಾಗ ಆಟೋದಾಗ ಅದನ್ನ ದಾಟಿಕೊಂಡ ಬಂದಿದ್ದೆ. ಆಟೋದವ ಮ್ಯಾಲ ನಿಂತ. ನಾನು ಮೊಣಕಾಲು ಹಿಡಕೊಂಡು, ಜಾಲಿ ಮುಳ್ಳು ಸರಿಸಿಕೊಂತ ಕೆಳಗ ಇಳದೆ. ಹಳ್ಳ ಒಣಗಿತ್ತು. ಸೇತುವಿ ನೆರಳಿನ್ಯಾಗ ಒಂದು ಚೀಲ. ಅದರ ಮ್ಯಾಲ ನಮ್ಮ ಅಂಗಡಿ ಮಾರ್ಕು, ನೀಲಿ ಶಾಯಿಯಿಂದ ಒತ್ತಿದ್ದು. ಚೀಲ ಸ್ವಲ್ಪ ಅಳ್ಳಾಡತಿತ್ತು.

ಬಾಯಿ ಕಟ್ಟಿದ್ದು ಕಟ್ಟಿದ್ದಂಗ ಇತ್ತು.

ಬಿಚ್ಚಿ ಬಿಡೋ ಅಷ್ಟೂ ತ್ರಾಸು ತಗೊಂಡಿರಲಿಲ್ಲ ಆ ಪುಣ್ಯಾತ್ಮ. ಮ್ಯಾಲಿಂದ ಒಗದು ಗುಡಿಗೆ ಹೋಗಿ, ಕೈ ಮುಗದು, ಮಂಗಳಾರತಿ ತಗೊಂಡು ಬಂದಿದ್ದ. ನಾನು ಗಂಟಿಗೆ ಕೈ ಹಾಕಿದೆ. ಒಳಗಿನ ಜೀವ ಹೊಯ್ದಾಡಿ ಹೊಯ್ದಾಡಿ ಗಂಟು ಕಲ್ಲಾಗಿತ್ತು. ಜಗ್ಗಿದಷ್ಟೂ ಬಿಗಿಯೋ ಗಂಟು, ನಮ್ಮವ್ವನ ಗಂಟು! ಉಗುರು ಮುರೀತು, ಬಿಚ್ಚಲಿಲ್ಲ. ಹಲ್ಲಿನಿಂದ ಹರದೆ. ತುಟಿ, ನಾಲಿಗಿ, ಕಣ್ಣು ಎಲ್ಲಾ ಬೆಂಕಿ ಹತ್ತಿದಂಗ ಉರದವು. ಅವಾಗ ತಿಳೀತು, ಇದು ನಮ್ಮ ಬ್ಯಾಡಗಿ ಕಾಯಿ ತುಂಬಿದ ಚೀಲ ಅಲ್ಲ. ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ನಾವು ಎದಿ ತಟ್ಟಿಕೊಳ್ಳೋ ಕಾಯಿ ಅಲ್ಲ ಅದು. ಗುಂಟೂರು ಕಡಿಂದ ಬಂದ ಕಾಯಿದು, ಹೊರಗ ನಿಂತವರಿಗೇ ಕಣ್ಣೀರು ಬರೋಂಥಾದ್ದು.

ಬೆಕ್ಕು ಹೊರಗ ಬಂತು, ಓಡಲಿಲ್ಲ. ಕುಂತಲ್ಲೇ ಕುಂತಿತು. ಎರಡೂ ಕಣ್ಣು ಊದಿ ಮುಚ್ಚಿ ಹೋಗಿದ್ದವು. ಮೂಗಿನಿಂದ ನೀರು, ಬಾಯಾಗ ನೊರಿ. ಮೊಲಿ ಹಾಲು ತುಂಬಿ ಬಿಗದಿದ್ದವು. “ಬಾ ನಮ್ಮವ್ವಾ” ಅಂದೆ. ನನ್ನ ದನಿ ಕೇಳಿದ್ದ ತಡ, ತೆವಳಿಕೊಂತ ಹಿಂದ ಸರದು ಚೀಲದೊಳಗ ವಾಪಸ್ ಹೊಕ್ಕೋಳಾಕ ನೋಡಿತು.

ಬೆಕ್ಕು ಬುಟ್ಟಿಯಾಗ ಹಾಕಿಕೊಂಡು, ಚೀಲ ಮಡಚಿಕೊಂಡು ಏಳೋವಾಗ ಆ ಕಡೆ ಇನ್ನೊಂದು ಚೀಲ ಕಾಣಿಸಿತು. ಹಳೇದು, ಮಳಿಗೆ ನೆಂದು ಬಿಸಲಿಗೆ ಒಣಗಿ ಬೂದಿಯಂಗಾಗಿತ್ತು. ನಮ್ಮದ ಮಾರ್ಕು. ಗಂಟೂ ನನ್ನದ. ಹಿಂದಿನ ಮಳಿಗಾಲದಾಗ ಒಂದು ಹಳದಿ ಬೆಕ್ಕು ಹಿಡಿದು ಕೊಟ್ಟಿದ್ದೆ. ಆ ಚೀಲ ಬಿಚ್ಚಿ ನೋಡೋ ಧೈರ್ಯ ನನಗ ಆಗಲಿಲ್ಲ. ಅದರ ಮ್ಯಾಲ ನಾಲ್ಕು ಕಲ್ಲು ಹೇರಿ ಬಂದೆ.

ಮನಿಗೆ ಬಂದಾಗ ಒಂದು ಮರಿ ಸತ್ತಿತ್ತು. ಉಳಿದ ಮೂರನ್ನ ನಮ್ಮತ್ತಿ ತಮ್ಮ ಉಡಿಯೊಳಗ ಹಾಕಿಕೊಂಡು ಕುಂತಿದ್ರು. ತಾಯಿ ಬಂತು, ಇನ್ನೇನು ಹಾಲು ಕುಡಸತೈತಿ ಅಂತ ಮರಿ ಮುಂದ ಇಟ್ರ, ಅದು ಬುಸ್ ಅಂತ ಪಂಜಾ ಎತ್ತಿತು. ಕಣ್ಣು ಕಾಣಂಗಿಲ್ಲ, ಮೂಗಿನ ತುಂಬ ಖಾರ. ತನ್ನ ಮಕ್ಕಳ ವಾಸನಿ ಅದಕ್ಕ ಹತ್ತಲಿಲ್ಲ. ಹಾಲು ಅದರ ಮೊಲಿಯಾಗ ಐತಿ, ಮಕ್ಕಳು ಗೇಣು ದೂರದಾಗ ಹಸದು ಚೀರಾಕತ್ತಾವ, ನಡುವ ನನ್ನ ಮನಿ ಮೆಣಸಿನಕಾಯಿ. ನಾನು ಹೇಳೋದು ತಿಳೀತೇನ್ರಿ? ನನಗ ಅಳು ಬರಲಿಲ್ಲ. ಯಾರನ್ನರ ಹಿಡಿದು ಬಡೀಬೇಕು ಅನಿಸಿತು.

ರಾಣೆಬೆನ್ನೂರಿನ್ಯಾಗ ಪ್ರಾಣಿ ಡಾಕ್ಟರ್ ಒಬ್ಬವ ಇದ್ದಾನ, ನನ್ನ ಹತ್ರ ಗಣಿತ ಕಲ್ತವ. ಫೋನ್ ಮಾಡಿದೆ. “ಟೀಚರ್, ಕಣ್ಣು ಮೂಗು ಬರೇ ನೀರಿನಿಂದ ಮತ್ತ ಮತ್ತ ತೊಳೀರಿ. ಮನಿ ಔಷಧ ಏನೂ ಹಾಕಬ್ಯಾಡ್ರಿ. ಮರಿ ಬೆಚ್ಚಗ ಇಡ್ರಿ. ಸದ್ಯಕ್ಕ ಆಡಿನ ಹಾಲು ಡ್ರಾಪರಿನಿಂದ ಹನಿ ಹನಿ ಹಾಕ್ರಿ, ಅಂಗಾತ ಮಲಗಿಸಬ್ಯಾಡ್ರಿ, ಉಸಿರಿಗೆ ಹೋಗತೈತಿ. ನಾಳೆ ತಾಯಿನ್ನ ಕರಕೊಂಡು ಬರ್ರಿ,” ಅಂದ. ಹಿಂದ ಹತ್ತನೇ ಕ್ಲಾಸಿನ್ಯಾಗ ಅವನ ಕಿವಿ ಹಿಂಡಿದ್ದಕ್ಕ ಮನಸಿನ್ಯಾಗ ಕ್ಷಮಾ ಕೇಳಿದೆ.

ರವಿವಾರ ಮುಂಜಾನೆ ಇನ್ನೊಂದು ಮರಿ ಹೋತು. ಹಾಲು ನುಂಗೂ ಶಕ್ತಿ ಇರಲಿಲ್ಲ ಅದಕ್ಕ. ಅದನ್ನ ಹಿತ್ತಲದಾಗ ಮಣ್ಣು ಮಾಡಿದೆ. ಕೈ ತೊಳಕೊಳ್ಳಲಿಲ್ಲ. ಆ ಚೀಲ ತಗೊಂಡು ಸೀದಾ ಎದುರುಮನಿಗೆ ಹೊಂಟೆ. ನಮ್ಮ ಮನಿಯವರು ಬಾಗಲಕ ಅಡ್ಡ ನಿಂತ್ರು. “ಬ್ಯಾಡ. ಓಣಿಯಾಗ ಇರೋರು ನಾವು. ಹಿರಿಯ ಮನಷ್ಯಾ. ಒಂದು ಬೆಕ್ಕಿನ ಸಲುವಾಗಿ—”

“ಇನ್ನೊಂದು ಸಲ ‘ಒಂದು ಬೆಕ್ಕು’ ಅನ್ರಿ, ನೋಡ್ರಿ ಏನಾಗತೈತಿ,” ಅಂದೆ. ಸರದು ನಿಂತ್ರು.

ಕಾಕಾ ಕಟ್ಟಿ ಮ್ಯಾಲ ಪೇಪರ್ ಓದಾಕತ್ತಿದ್ರು. ಚೀಲ ಪೇಪರಿನ ಮ್ಯಾಲ ಒಗದೆ. “ಇದು ಎಲ್ಲಿ ಸಿಕ್ಕಿತು ಹೇಳಲೇನು? ಗುಡಿ ಮುಂದ ಅಲ್ಲ. ಹಳ್ಳದಾಗ. ಬಾಯಿ ಬಿಚ್ಚಿರಲಿಲ್ಲ. ಅಲ್ಲೇ ಇನ್ನೊಂದು ಐತಿ, ಹೋದ ವರ್ಷದ್ದು. ಅದರ ಬಾಯೂ ಬಿಚ್ಚಿಲ್ಲ. ಕಾಶಿಗೆ ಯಾವಾಗ ಹೊಂಟೀರಿ? ಬಂಗಾರದ ಬೆಕ್ಕು ಎಷ್ಟು ಮಾಡಸ್ತೀರಿ?”

ಓಣಿ ಮಂದಿ ಬಾಗಲಿಗೆ ಬಂದ್ರು. ಕಾಕಾನ ಮಾರಿ ಬಿಳಚಿತು. “ಗುಡಿಗೆ ಹೋಗೋವಾಗ ಬೆಕ್ಕಿನ ಕಡಿಂದ ಕಚ್ಚಿಸಿಕೊಂಡು, ಪರಚಿಸಿಕೊಂಡು, ಹೇಲು ಹತ್ತಿಸಿಕೊಂಡು ಹೋಗಬೇಕೇನ್ರಿ ಅಕ್ಕಾರ? ಅವು ತಾವ ಚೀಲ ಹರಕೊಂಡು ಹೊರಗ ಬರತಾವ. ಉಗುರಿಲ್ಲೇನು ಅವಕ್ಕ? ನಾನೇನು ಕೊಂದೆನೇನು? ಬಿಟ್ಟು ಬಂದೆ.”

“ಖಾರದ ಚೀಲ ಅದು! ಕುರುಡಾಗೈತಿ!”

“ನಮ್ಮ ಬ್ಯಾಡಗಿ ಕಾಯಿಗೆ ಖಾರ ಎಲ್ಲೈತಿ ಬಿಡ್ರಿ.”

ನನ್ನ ತಲಿ ಕೆಟ್ಟು ಮೊಸರಗಡಿಗಿ ಆತು. “ಖಾರ ಇಲ್ಲ? ಹಂಗಾರ ಮಾರಿ ಇಡ್ರಿ ಚೀಲದಾಗ. ಹತ್ತು ಎಣಸೂತನಕ. ಬೆಕ್ಕು ಮುಂಜಾನಿಂದ ಸಂಜಿತನಕ ಇತ್ತು, ನೀವು ಹತ್ತು ಎಣಸ್ರಿ ಸಾಕು.” ಅವರು ಮುಟ್ಟಲಿಲ್ಲ. ಓಣಿ ಮಂದಿಯೊಳಗ ಒಬ್ಬರೂ ಮುಂದ ಬರಲಿಲ್ಲ. ಚೀಲ ನಾನ ಎತ್ತಿಕೊಂಡು ತಲಿಗೆ ಹಾಕಿಕೊಂಡೆ. ಒಂದು, ಎರಡು, ಮೂರು ಎಣಸಿದೆ. ನಾಲ್ಕಕ್ಕ ಉಸಿರು ಕಟ್ಟಿತು, ಆರಕ್ಕ ಕಣ್ಣಾಗ ಸೂಜಿ ಚುಚ್ಚಿದಂಗಾತು. ಎಂಟು ಅನ್ನೂದ್ರೊಳಗ ತಗದು ಒಗದೆ. ನಾನು, ಹೊರಗ ಬರಾಕ ಕೈ ಇದ್ದಾಕಿ, ಎಂಟು ಮುಟ್ಟಲಿಲ್ಲ.

ಕಣ್ಣು ಮುಚ್ಚಿಕೊಂಡು ಕೆಮ್ಮಾಕತ್ತಿದ್ದೆ. ಆವಾಗ ಕಾಕಾನ ದನಿ ಕೇಳಿಸಿತು, ಸಣ್ಣಗ. ಜಗಳದ ದನಿ ಅಲ್ಲ ಅದು.

“ಎಲ್ಲಾ ನನ್ನ ಮ್ಯಾಲ ಹಾಕಬ್ಯಾಡ್ರಿ ಅಕ್ಕಾರ. ಕರದು ಹಿಡದವರು ಯಾರು? ಚೀಲ ಯಾರದು? ಗಂಟು ಹಾಕಿದವರು ಯಾರು?”

ಚೀಲ ಎತ್ತಿಕೊಂಡು ಮನಿಗೆ ಬಂದೆ. ಆ ಮನಷ್ಯಾನ ಮ್ಯಾಲ ನನಗ ಇವತ್ತಿಗೂ ಸಿಟ್ಟೈತಿ. ಮಾರಿ ನೋಡಿದ್ರ ಹೊಟ್ಟಿ ಉರೀತೈತಿ. ಅಂವಾ ಹೇಳಿದ್ದು ಖರೇ ಇತ್ತಲ್ಲ, ಅದಕ್ಕ ಇನ್ನೂ ಜಾಸ್ತಿ ಉರೀತೈತಿ.

ಅವತ್ತ ತಾಯಿಬೆಕ್ಕನ್ನ ಬಸ್ಸಿನ್ಯಾಗ ರಾಣೆಬೆನ್ನೂರಿಗೆ ಒಯ್ದೆ. ಬುಟ್ಟಿಯಾಗ ಏನೈತಿ ಅಂತ ಕೇಳಿದ ಕಂಡಕ್ಟರ್ ನಕ್ಕು, “ಅರ್ಧ ಟಿಕೆಟ್ ಹರೀಲೇನ್ರಿ?” ಅಂದ. ನನ್ನ ಕೆಂಪು ಕಣ್ಣು ನೋಡಿ ಮುಂದ ಹೋದ. ಡಾಕ್ಟರ್ ಕಣ್ಣು ತೊಳದು, ಔಷಧ ಹಾಕಿ, ಬಲಗಣ್ಣು ಉಳಿಬಹುದು, ಎಡಗಣ್ಣಿನ ಆಸೆ ಬಿಡ್ರಿ ಅಂದ. ಮೂರನೇ ದಿನ ಮೂಗು ತಿಳಿ ಆತು ಕಾಣತೈತಿ. ನಮ್ಮತ್ತಿ ಒಂದು ಮರಿ ಅದರ ಮುಂದ ಇಟ್ರು. ಅದು ಮೂಸಿತು. ಮತ್ತೊಮ್ಮೆ ಮೂಸಿತು. ಆಮ್ಯಾಲ ನೆಕ್ಕಾಕ ಹತ್ತಿತು. ನಮ್ಮತ್ತಿ “ಹತ್ತಿತವಾ, ಹತ್ತಿತು” ಅಂತ ಚಪ್ಪಾಳಿ ತಟ್ಟಿದ್ರು. ನಾನು ಅಡಗಿಮನಿಗೆ ಹೋಗಿ ಬಾಗಲಾ ಹಾಕಿಕೊಂಡು, ಆವಾಗ ಅತ್ತೆ.

ಮರಿ ಹಾಲು ಬಿಟ್ಟ ಮ್ಯಾಲ ತಾಯಿಗೆ ಮಕ್ಕಳಾಗಲಾರದ ಆಪರೇಷನ್ ಮಾಡಿಸಿದೆ. ಆಮ್ಯಾಲ ಓಣಿಯ ಉಳಿದ ಹೆಣ್ಣುಬೆಕ್ಕು ಆಯಾ ಮನಿಯವರ ಕಡಿಂದ ಹಿಡಿಸಿ, ಒಂದೊಂದ ಬುಟ್ಟಿಯಾಗ ಕುಂದ್ರಿಸಿಕೊಂಡು ರಾಣೆಬೆನ್ನೂರಿಗೆ ಓಡಾಡಿದೆ. ಆಪರೇಷನ್ ಆದದ್ದಕ್ಕ ಗುರುತಿಗೆ ಕಿವಿ ತುದಿ ಚೂರು ತಗೀತಾರ. ಅಷ್ಟ ಆಗೋದ್ರಿ, ಮತ್ತೇನೂ ಇಲ್ಲ. ಮಾಡಿ ತಂದು ಅದ ಓಣಿಯಾಗ ಬಿಟ್ರ, ಅವು ಇಲಿ ಹಿಡಕೊಂಡು ತಮ್ಮ ಪಾಡಿಗೆ ಇರತಾವ. ಮೊಸರಿನ ಗಡಿಗಿ ಮ್ಯಾಲ ಒಂದು ಕಲ್ಲು ಇಡೋದು, ಮುಸರಿ ಬಕೀಟು ಮುಚ್ಚೋದು, ಗೋದಾಮಿನ ಕಿಂಡಿಗೆ ಜಾಳಗಿ ಹೊಡಿಯೋದು. ಇಷ್ಟಕ್ಕ ಬುದ್ಧಿ ಬೇಕಾಗಿತ್ತು, ಹನಮಪ್ಪ ಬೇಕಾಗಿರಲಿಲ್ಲ. ಮೊದಲ ಯಾಕ ಮಾಡಲಿಲ್ಲ? ಚೀಲ ಹತ್ರ ಇತ್ತು, ರಾಣೆಬೆನ್ನೂರು ದೂರ ಇತ್ತು, ಅಷ್ಟ.

ಕಾಕಾ ಈಗಲೂ ಶನಿವಾರ ಗುಡಿಗೆ ಹೋಗತಾರ. ಸ್ಕೂಟರಿನ ಮುಂದ ಬರೇ ಕಾಯಿ, ಕರ್ಪೂರ. ನನ್ನ ಕಂಡ್ರ ಮಾರಿ ಆ ಕಡೆ ತಿರುಗಿಸ್ತಾರ. ನಮ್ಮ ಮನಿಯವರು ಮಾತ್ರ ಒಂದು ದಿವಸ ಖಾಲಿ ಚೀಲದ ಥಪ್ಪಿನ್ನೆಲ್ಲಾ ಅಂಗಡಿಗೆ ಸಾಗಿಸಿದ್ರು.

ಈ ವರ್ಷ ಸುಗ್ಗಿಯಾಗ ಮೂಲಿಮನಿಗೆ ಬಾಡಿಗಿಗೆ ಒಬ್ಬಾಕಿ ಹೆಣಮಗಳು ಬಂದಾಳ, ನಾಲ್ಕು ತಿಂಗಳ ಸಣ್ಣ ಕೂಸಿನ ತಾಯಿ. ಮೊನ್ನೆ ಮುಂಜಾನೆ ಬಂದು, “ಅಕ್ಕಾರ, ಒಂದು ಖಾಲಿ ಚೀಲ ಇದ್ರ ಕೊಡ್ರಿ. ಒಂದು ಬೆಕ್ಕು ತೊಟ್ಟಿಲದ ಹತ್ರ ಬರತೈತಿ, ಎಲ್ಲರ ಬಿಟ್ಟು ಬರ್ತೇವಿ,” ಅಂದಳು.

“ಚೀಲ ಇಲ್ಲವಾ.”

“ಮೆಣಸಿನಕಾಯಿ ಸಾವಕಾರ್ರ ಮನಿಯಾಗ ಚೀಲ ಇಲ್ಲೇನ್ರಿ?” ಅಂತ ನಕ್ಕಳು. ಬೈಯಬೇಕು ಅಂತ ಬಾಯಿ ತಗದೆ. ಆಕಿ ಕಣ್ಣಾಗ ನಿದ್ದಿ ಇರಲಿಲ್ಲ, ಹೆಗಲ ಮ್ಯಾಲ ಕೂಸು. ಸಿಟ್ಟು ನುಂಗಿಕೊಂಡು ಹೇಳಿದೆ, ತೊಟ್ಟಿಲಕ್ಕ ಸೊಳ್ಳಿಪರದೆ ಕಟ್ಟು, ಬುಟ್ಟಿ ನಾ ಕೊಡ್ತೇನಿ, ಬುಧವಾರ ರಾಣೆಬೆನ್ನೂರಿಗೆ ನಾನ ಒಯ್ತೇನಿ ಅಂತ.

“ಹಂಗಾದ್ರ ಹಿಡಿಯೋದೂ ನೀವ ಬಂದು ಹಿಡದು ಕೊಡ್ರಿ ಅಕ್ಕಾರ. ನಮ್ಮ ಕೈಗೆ ಸಿಗವಲ್ದು. ನಿಮ್ಮ ಕೈಗೆ ಎಂಥಾ ಬೆಕ್ಕರ ಸಿಗತೈತಂತ, ಓಣಿಯಾಗ ಎಲ್ಲಾರೂ ಹೇಳ್ತಾರ.”

ಒಳಗ ನಮ್ಮತ್ತಿ ಹೊರಸಿನ ಮ್ಯಾಲ ಕುಂತಿದ್ರು. ಅವರ ತೊಡಿ ಮ್ಯಾಲ ಒಕ್ಕಣ್ಣಿನ ಬೂದಿ ಬೆಕ್ಕು ಮಲಗಿತ್ತು. ಅದೀಗ ಅವರ ಕೈಯಾಗ ಉಣ್ಣತೈತಿ, ನಮ್ಮ ಮನಿಯವರ ಚಪ್ಪಲಿ ಮ್ಯಾಲ ಮಲಗತೈತಿ. ನಾನು ಬಾಗಲದಾಗ ನಿಂತು, ಎಷ್ಟೋ ದಿನದ ಮ್ಯಾಲ, “ಬಾ ನಮ್ಮವ್ವಾ” ಅಂದೆ.

ಅದು ಎದ್ದು ಹೊರಸಿನ ಬುಡಕ ಹೊಕ್ಕಿತು.

“ಇಲ್ಲವಾ,” ಅಂದೆ ಆ ಹುಡಿಗಿಗೆ. “ನನ್ನ ಕೈಗೆ ಈಗ ಯಾವ ಬೆಕ್ಕೂ ಸಿಗಂಗಿಲ್ಲ. ನೀನ ಹಾಲು ಹಾಕಿ ರೂಢಿ ಮಾಡಿಕೋ.” ಬುಟ್ಟಿ ತಂದು ಆಕಿ ಕೈಯಾಗ ಕೊಟ್ಟೆ.